‘ಓನ್ಲಿ’ ಎಲ್ಲಿ ಬೇಕು, ಎಲ್ಲಿ ಬೇಡ: ಕೊಡಗಿನ ಓದುಗರಿಗೊಂದು ಮಾರ್ಗದರ್ಶಿ

ಹೋಂಸ್ಟೇ ನಡೆಸುವವರು, ತೋಟದ ಲೆಕ್ಕಪತ್ರ ನೋಡುವ ರೈಟರುಗಳು, ಕಾಲೇಜಿಗೆ ಹೋಗುವ ಮಕ್ಕಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ನಮ್ಮ ಇಂಗ್ಲಿಷಿನಲ್ಲಿ ಓನ್ಲಿ ಜಾಸ್ತಿ ಅಂತಾರೆ. ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು?’ ಒಂದೊಂದು ವಾಕ್ಯ ತಿದ್ದಿಕೊಟ್ಟರೆ ಆ ವಾಕ್ಯ ಸರಿಯಾಗುತ್ತದೆ, ಮುಂದಿನದು ಮತ್ತೆ ಹಾಗೇ ಬರುತ್ತದೆ. ಹಾಗಾಗಿ ತಪ್ಪು ಹುಟ್ಟುವ ಜಾಗದಿಂದಲೇ ಶುರುಮಾಡೋಣ. ಅದು ಹುಟ್ಟುವುದು ಇಂಗ್ಲಿಷಿನಲ್ಲಲ್ಲ, ‘ಇವತ್ತೇ’, ‘ಇಲ್ಲೇ’ ಎನ್ನುವಾಗ ಕೊನೆಗೆ ಬರುವ ನಮ್ಮ ಕನ್ನಡದ ‘ಏ’ಯಲ್ಲಿ.

ಉದಾಹರಣೆಗೆ, ಮಡಿಕೇರಿಯಿಂದ ಅತಿಥಿಗೆ ಹೋಗುವ ಇಂಥದೊಂದು ಮೆಸೇಜ್ ನೋಡಿ: ‘ಡ್ರೈವರ್ ವಿಲ್ ಕಮ್ ಟುಡೇ ಓನ್ಲಿ.’ ಬರೆದವರ ಮನಸ್ಸಿನಲ್ಲಿರುವುದು ‘ಡ್ರೈವರ್ ಇವತ್ತೇ ಬರ್ತಾನೆ, ಚಿಂತೆ ಬೇಡ’ ಎಂಬ ಭರವಸೆ. ಬೆಂಗಳೂರಿನವರಿಗೆ ಅದು ಹಾಗೇ ಅರ್ಥವಾಗುತ್ತದೆ. ಇಂಗ್ಲೆಂಡಿನಿಂದ ಬಂದವರಿಗೆ ಮಾತ್ರ ಬೇರೆಯೇ ಕೇಳಿಸುತ್ತದೆ: ‘ಡ್ರೈವರ್ ಬರುವುದು ಇವತ್ತೊಂದು ದಿನ, ನಾಳೆ ಇಲ್ಲ.’ ಭರವಸೆ ಕೊಡಲು ಹೋದ ವಾಕ್ಯ ಅವರನ್ನು ನಾಳೆಗೆ ಬೇರೆ ಗಾಡಿ ಹುಡುಕುವಂತೆ ಮಾಡುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಟುಡೇ ಓನ್ಲಿ’, ‘ಹಿಯರ್ ಓನ್ಲಿ’ ಎನ್ನುವುದು ನಾಚಿಕೆಪಡುವ ವಿಷಯವಲ್ಲ. ಒತ್ತು ಕೊಡಲು ‘ಓನ್ಲಿ’ ಬಳಸುವುದು ಭಾರತೀಯ ಇಂಗ್ಲಿಷಿನ ಲಕ್ಷಣಗಳಲ್ಲಿ ಒಂದೆಂದು ಭಾಷಾತಜ್ಞರೇ ಗುರುತಿಸಿದ್ದಾರೆ. ನಮ್ಮ ನಮ್ಮೊಳಗೆ ಅದು ಚೆನ್ನಾಗಿಯೇ ನಡೆಯುತ್ತದೆ, ನಡೆಯಲಿ. ಆದರೆ ಪರೀಕ್ಷೆ, ಸಂದರ್ಶನ, ಹೊರದೇಶದ ಕಾಫಿ ಖರೀದಿದಾರರಿಗೆ ಬರೆಯುವ ಇಮೇಲ್, ಅತಿಥಿಗಳಿಗಾಗಿ ಗೋಡೆಗೆ ಅಂಟಿಸುವ ನಿಯಮ, ಈ ಕಡೆಗಳಲ್ಲಿ ನೀವು ಹೇಳಿದ್ದು ಒಂದು, ಅವರಿಗೆ ತಲುಪಿದ್ದು ಇನ್ನೊಂದು ಆಗಬಾರದು.

ಏನೇನು ಬೇಕು

ವ್ಯಾಕರಣ ಪುಸ್ತಕ ಬೇಕಿಲ್ಲ. ನೀವೇ ಬರೆದ ಹಳೆಯ ವಾಕ್ಯಗಳು ಬೇಕು. ಫೋನಿನ ಮೆಸೇಜುಗಳಲ್ಲಿ ‘ಓನ್ಲಿ’ ಎಂದು ಹುಡುಕಿ, ಸಿಕ್ಕ ವಾಕ್ಯಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪ್ರತಿಯೊಂದರ ಪಕ್ಕದಲ್ಲಿ ಬರೆಯುವಾಗ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯವನ್ನೂ ಬರೆಯಿರಿ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವವರು ಆ ಮಾತಿನಲ್ಲೇ ಮೊದಲು ಬರೆದು, ಆಮೇಲೆ ಕನ್ನಡಕ್ಕೆ ತಂದುಕೊಂಡರೂ ಸರಿ.

‘ಓನ್ಲಿ’ ಒಂದು ಕ್ರಿಯಾವಿಶೇಷಣ. ಎಂದರೆ ಒಂದು ಕೆಲಸ ಹೇಗೆ, ಎಲ್ಲಿ, ಯಾವಾಗ, ಎಷ್ಟರಮಟ್ಟಿಗೆ ನಡೆಯಿತೆಂದು ತಿಳಿಸುವ ಪದ. ಇದರೊಳಗೆ ‘ಒನ್’, ಅಂದರೆ ‘ಒಂದು’ ಅಡಗಿದೆ. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲರೂಪಕ್ಕೆ ‘ಒಂದರಂಥದ್ದು’ ಎಂಬ ಅರ್ಥವಿತ್ತು. ‘ಇದೊಂದೇ, ಬೇರೆ ಇಲ್ಲ’ ಎನ್ನುವುದು ಇಂದಿಗೂ ಇದರ ಮುಖ್ಯ ಅರ್ಥ. ಬರೆಯುವಾಗ ನಾಲ್ಕೇ ಅಕ್ಷರ: ಓ, ಎನ್, ಎಲ್, ವೈ. ಎಲ್ ಒಂದೇ ಸಾಕು. ಉಚ್ಚಾರ ‘ಓ’ದಿಂದ ಶುರುವಾಗಬೇಕು. ನಮ್ಮ ಬಾಯಿಗೆ ‘ವೋನ್ಲಿ’ ಎಂದು ಬರುವುದು ರೂಢಿ, ತುಸು ಗಮನ ಕೊಟ್ಟರೆ ಹೋಗುತ್ತದೆ.

ಹಂತ 1: ನಿಮ್ಮ ಕನ್ನಡದಲ್ಲಿರುವುದು ‘ಏ’ಯೋ ‘ಮಾತ್ರ’ವೋ ನೋಡಿ

‘ಇವತ್ತೇ’, ‘ಅವರೇ’, ‘ಇಲ್ಲೇ’ ಎನ್ನುವಾಗ ಕೊನೆಗೆ ಬರುವ ‘ಏ’ಯನ್ನು ಕನ್ನಡ ವ್ಯಾಕರಣ ಅವಧಾರಣೆ ಎನ್ನುತ್ತದೆ. ಒತ್ತಿ ಹೇಳುವುದು ಎಂದರ್ಥ. ‘ಮಾತ್ರ’ ಹಾಗಲ್ಲ, ಅದು ಉಳಿದದ್ದನ್ನು ಹೊರಗಿಡುತ್ತದೆ. ಇಂಗ್ಲಿಷಿನ ‘ಓನ್ಲಿ’ಗೆ ಮುಖ್ಯವಾಗಿ ಬರುವುದು ಈ ಎರಡನೆಯ ಕೆಲಸ.

ಪರೀಕ್ಷೆ ಸುಲಭ. ನಿಮ್ಮ ಕನ್ನಡ ವಾಕ್ಯದ ಕೊನೆಗೆ ‘ಬೇರೆ ಇಲ್ಲ’ ಎಂದು ಸೇರಿಸಿ ಓದಿ. ಅರ್ಥ ಕೆಡದಿದ್ದರೆ ‘ಓನ್ಲಿ’ ಬೇಕು, ಕೆಟ್ಟರೆ ಬೇಡ. ‘ಎರಡು ರೂಮು ಮಾತ್ರ ಖಾಲಿ ಇವೆ, ಬೇರೆ ಇಲ್ಲ.’ ಅರ್ಥ ಕೆಡಲಿಲ್ಲ, ಆದ್ದರಿಂದ ‘ಓನ್ಲಿ ಟೂ ರೂಮ್ಸ್ ಆರ್ ಅವೈಲಬಲ್’ ಸರಿ. ‘ನಾವು ವಿರಾಜಪೇಟೆಯವರೇ, ಬೇರೆ ಇಲ್ಲ.’ ಇದು ಹೊಂದಲಿಲ್ಲ. ಹಾಗಾಗಿ ‘ವಿ ಆರ್ ಫ್ರಮ್ ವಿರಾಜಪೇಟೆ’ ಎಂದರೆ ಸಾಕು, ಕೊನೆಗೆ ‘ಓನ್ಲಿ’ ಬೇಡ.

ಪದ ನೋಡಿ ತೀರ್ಮಾನಿಸಬೇಡಿ, ಪರೀಕ್ಷೆ ಮಾಡಿಯೇ ತೀರ್ಮಾನಿಸಿ. ಏಕೆಂದರೆ ‘ಏ’ಯೂ ಕೆಲವೊಮ್ಮೆ ‘ಮಾತ್ರ’ದ ಕೆಲಸ ಮಾಡುತ್ತದೆ. ‘ಮಳೆ ಬಿದ್ದ ಮೇಲೆಯೇ ಕಾಫಿ ಮೊಗ್ಗು ಅರಳುವುದು’ ಎಂದರೆ ಅದಕ್ಕೆ ಮುಂಚೆ ಅರಳುವುದಿಲ್ಲ ಎಂದೇ ಅರ್ಥ. ಸ್ಪ್ರಿಂಕ್ಲರ್ ಹಾಕುವ ತೋಟದ ಮಾತು ಬೇರೆ. ಇಲ್ಲಿ ‘ಓನ್ಲಿ ಆಫ್ಟರ್ ದ ರೇನ್’ ಸರಿಯಾಗಿ ಹೊಂದುತ್ತದೆ.

‘ಮಾತ್ರ’ವೂ ದಾರಿ ತಪ್ಪಿಸುವುದುಂಟು, ಮತ್ತು ಇದನ್ನು ಗಮನಿಸುವವರು ಕಡಿಮೆ. ‘ಮಳೆ ಚೆನ್ನಾಗಿ ಬಂತು, ಹೂ ಮಾತ್ರ ಅರಳಲಿಲ್ಲ’ ಎನ್ನುತ್ತೇವೆ. ಇಲ್ಲಿ ‘ಮಾತ್ರ’ ಎಂದರೆ ‘ಆದರೆ’. ಇದನ್ನು ‘ಓನ್ಲಿ ದ ಫ್ಲವರ್ಸ್ ಡಿಡ್ ನಾಟ್ ಓಪನ್’ ಎಂದು ಬರೆದರೆ ಹೂವೊಂದನ್ನು ಬಿಟ್ಟು ಉಳಿದದ್ದೆಲ್ಲ ತೆರೆದುಕೊಂಡಿತು ಎಂದಾಗುತ್ತದೆ. ‘ಇಟ್ ರೇನ್ಡ್ ವೆಲ್, ಬಟ್ ದ ಬಡ್ಸ್ ಡಿಡ್ ನಾಟ್ ಓಪನ್’ ಎಂದು ಬರೆಯಿರಿ. ‘ಅವರೆಲ್ಲ ಹೋಗಲಿ, ನಾನು ಮಾತ್ರ ಬರಲ್ಲ’ ಎನ್ನುವ ವಾಕ್ಯಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಹಂತ 2: ಒತ್ತಿ ಹೇಳುವ ‘ಏ’ಗೆ ಬೇರೆ ದಾರಿ ಹಿಡಿಯಿರಿ

‘ಏ’ಗೆ ಇಂಗ್ಲಿಷಿನಲ್ಲಿ ಒಂದೇ ಪದವಿಲ್ಲ. ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆ ಪದ ಬರುತ್ತದೆ. ದಿನವೂ ಬೇಕಾಗುವ ಕೆಲವನ್ನು ಹೇಳುತ್ತೇನೆ.

‘ನಾನೇ ಬಂದು ಕರೆದುಕೊಂಡು ಹೋಗ್ತೀನಿ’ ಎನ್ನಲು ‘ಐ ವಿಲ್ ಪಿಕ್ ಯು ಅಪ್ ಮೈಸೆಲ್ಫ್’. ‘ಓನರೇ ಅಡುಗೆ ಮಾಡ್ತಾರೆ’ ಎನ್ನಲು ‘ದ ಓನರ್ ಕುಕ್ಸ್ ಹರ್‌ಸೆಲ್ಫ್’, ಗಂಡಸಾದರೆ ‘ಹಿಮ್‌ಸೆಲ್ಫ್’. ‘ಇಲ್ಲೇ ನಿಲ್ಲಿಸಿ’ ಎನ್ನಲು ‘ಸ್ಟಾಪ್ ರೈಟ್ ಹಿಯರ್’. ‘ಅದೇ ದಾರಿಯಲ್ಲಿ ವಾಪಸ್ ಬನ್ನಿ’ ಎನ್ನಲು ‘ಕಮ್ ಬ್ಯಾಕ್ ಬೈ ದ ಸೇಮ್ ರೋಡ್’. ‘ಹಣ ಆಗಲೇ ಕಳಿಸಿದ್ದೇನೆ’ ಎನ್ನಲು ‘ಐ ಹ್ಯಾವ್ ಆಲ್ರೆಡಿ ಸೆಂಟ್ ದ ಮನಿ’. ‘ಇವತ್ತೇ ಬರ್ತಾನೆ’ ಎನ್ನುವಾಗ ‘ಟುಡೇ’ ಒಂದೇ ಸಾಕು, ಮಾತಿನಲ್ಲಾದರೆ ಅದರ ಮೇಲೆ ದನಿ ಏರಿಸಿ. ಬರವಣಿಗೆಯಲ್ಲಿ ಭರವಸೆಯೂ ಸಿಗಬೇಕೆಂದಿದ್ದರೆ ಗಂಟೆ ಹೇಳಿಬಿಡಿ: ‘ಹಿ ವಿಲ್ ಬಿ ದೇರ್ ಟುಡೇ ಬೈ ಫೋರ್.’ ಯಾವ ಒತ್ತಿಗಿಂತಲೂ ಗಂಟೆ ಹೆಚ್ಚು ಭರವಸೆ ಕೊಡುತ್ತದೆ.

‘ಓನ್ಲಿ’ ಬಿಟ್ಟ ಕೆಲವರು ಅದೇ ಜಾಗಕ್ಕೆ ‘ಇಟ್‌ಸೆಲ್ಫ್’ ತರುತ್ತಾರೆ: ‘ಟುಡೇ ಇಟ್‌ಸೆಲ್ಫ್’, ‘ಮಾರ್ನಿಂಗ್ ಇಟ್‌ಸೆಲ್ಫ್’. ಇದೂ ನಮ್ಮ ದೇಶದ ಬಳಕೆಯೇ. ಹೊರಗಿನವರಿಗೆ ಅರ್ಥವೇನೋ ಆದೀತು, ಪರೀಕ್ಷೆಯಲ್ಲಿ ಅಂಕ ಹೋಗಬಹುದು.

‘ಒಬ್ಬನೇ’ ಎನ್ನುವಲ್ಲಿ ವಿಶೇಷ ಎಚ್ಚರ ಬೇಕು. ‘ನಾನೊಬ್ಬನೇ ಬಂದೆ’ ಎಂಬುದಕ್ಕೆ ಕನ್ನಡದಲ್ಲಿ ಎರಡು ಅರ್ಥ. ಜೊತೆಗೆ ಯಾರನ್ನೂ ಕರೆತರಲಿಲ್ಲ ಎಂದಾದರೆ ‘ಐ ಕೇಮ್ ಅಲೋನ್’. ಕರೆದವರಲ್ಲಿ ಉಳಿದವರು ಬರಲಿಲ್ಲ ಎಂದಾದರೆ ‘ಓನ್ಲಿ ಐ ಕೇಮ್’.

ಹಂತ 3: ಜಾಗ ಗೊತ್ತುಮಾಡಿ

‘ಓನ್ಲಿ’ ಬೇಕೇಬೇಕು ಎಂದು ಖಚಿತವಾದ ಮೇಲೆ ಅದನ್ನು ಎಲ್ಲಿಡಬೇಕೆಂಬ ಪ್ರಶ್ನೆ. ಕನ್ನಡದಲ್ಲಿ ‘ಮಾತ್ರ’ ಬರುವುದು ಪದ ಮುಗಿದ ನಂತರ, ‘ಎರಡು ಮಾತ್ರ’. ಇಂಗ್ಲಿಷಿನಲ್ಲಿ ‘ಓನ್ಲಿ’ ಸಾಮಾನ್ಯವಾಗಿ ಪದಕ್ಕೆ ಮೊದಲೇ ಬರುತ್ತದೆ, ‘ಓನ್ಲಿ ಟೂ’. ಕೊನೆಗೆ ಸೇರಿಸುವ ನಮ್ಮ ಅಭ್ಯಾಸ ಬಂದದ್ದು ಈ ವ್ಯತ್ಯಾಸದಿಂದ.

ಒಂದೇ ವಾಕ್ಯದಲ್ಲಿ ಜಾಗ ಬದಲಿಸಿ ನೋಡೋಣ. ‘ದ ಗೆಸ್ಟ್ಸ್ ಹ್ಯಾಡ್ ಕಾಫಿ ಆನ್ ದ ವರಾಂಡಾ.’ ಅತಿಥಿಗಳು ಜಗಲಿಯಲ್ಲಿ ಕಾಫಿ ಕುಡಿದರು.

‘ಓನ್ಲಿ ದ ಗೆಸ್ಟ್ಸ್ ಹ್ಯಾಡ್ ಕಾಫಿ ಆನ್ ದ ವರಾಂಡಾ’ ಎಂದರೆ ಕುಡಿದದ್ದು ಅತಿಥಿಗಳು ಮಾತ್ರ, ಮನೆಯವರಲ್ಲ.

‘ದ ಗೆಸ್ಟ್ಸ್ ಹ್ಯಾಡ್ ಓನ್ಲಿ ಕಾಫಿ ಆನ್ ದ ವರಾಂಡಾ’ ಎಂದರೆ ಕಾಫಿ ಬಿಟ್ಟು ಬೇರೇನೂ ಮುಟ್ಟಲಿಲ್ಲ, ಕಡಂಬುಟ್ಟು ಹಾಗೇ ಉಳಿಯಿತು.

‘ದ ಗೆಸ್ಟ್ಸ್ ಹ್ಯಾಡ್ ಕಾಫಿ ಓನ್ಲಿ ಆನ್ ದ ವರಾಂಡಾ’ ಎಂದರೆ ಜಗಲಿಯಲ್ಲಿ ಮಾತ್ರ, ಒಳಗೆಲ್ಲೂ ಕುಡಿಯಲಿಲ್ಲ.

‘ದ ಗೆಸ್ಟ್ಸ್ ಓನ್ಲಿ ಹ್ಯಾಡ್ ಕಾಫಿ ಆನ್ ದ ವರಾಂಡಾ’ ಎಂದು ಕ್ರಿಯಾಪದದ ಮೊದಲು ಇಟ್ಟರೆ ಈ ಕೊನೆಯ ಎರಡು ಅರ್ಥಗಳಲ್ಲಿ ಯಾವುದೂ ಆಗಬಹುದು. ಮಾತಿನಲ್ಲಿ ಇಂಗ್ಲಿಷರು ಹೆಚ್ಚಾಗಿ ಇಡುವುದು ಇದೇ ಜಾಗದಲ್ಲಿ. ಯಾವ ಪದದ ಮೇಲೆ ದನಿ ಏರುತ್ತದೋ ಅದರಿಂದ ಅರ್ಥ ಗೊತ್ತಾಗುತ್ತದೆ. ಇದು ತಪ್ಪೆಂದು 18ನೇ ಶತಮಾನದಿಂದಲೂ ಕೆಲವು ವ್ಯಾಕರಣಕಾರರು ವಾದಿಸುತ್ತ ಬಂದಿದ್ದಾರೆ, ಜನ ಹಾಗೇ ಮಾತಾಡುತ್ತ ಬಂದಿದ್ದಾರೆ. ನನ್ನ ಸಲಹೆ: ಮಾತಿನಲ್ಲಿ ಚಿಂತೆ ಮಾಡಬೇಡಿ. ಬರೆಯುವಾಗ ದನಿ ಕೇಳಿಸುವುದಿಲ್ಲ, ಆದ್ದರಿಂದ ಯಾವ ಪದವನ್ನು ‘ಇದು ಮಾತ್ರ’ ಎನ್ನುತ್ತೀರೋ ಅದರ ಮುಂಭಾಗಕ್ಕೆ ಅಂಟಿಸಿಯೇ ಇಡಿ.

ಕೊಡಗಿನ ವಿಷಯಗಳನ್ನೇ ಇಟ್ಟುಕೊಂಡು ಅಭ್ಯಾಸ ಮಾಡಬಹುದು. ಜಿಲ್ಲೆಯಲ್ಲಿ ರೈಲು ನಿಲ್ದಾಣವಿಲ್ಲ: ‘ಯು ಕ್ಯಾನ್ ರೀಚ್ ಮಡಿಕೇರಿ ಓನ್ಲಿ ಬೈ ರೋಡ್.’ ತಲಕಾವೇರಿಯ ತೀರ್ಥೋದ್ಭವ ಅಕ್ಟೋಬರಿನ ತುಲಾ ಸಂಕ್ರಮಣದಂದು ವರ್ಷಕ್ಕೊಮ್ಮೆ ಆಗುತ್ತದೆ: ‘ಇಟ್ ಹ್ಯಾಪನ್ಸ್ ಓನ್ಲಿ ಒನ್ಸ್ ಎ ಇಯರ್.’ ಭಾರತೀಯ ಸೇನೆಯಲ್ಲಿ ಫೀಲ್ಡ್ ಮಾರ್ಷಲ್ ಆದವರು ಇಬ್ಬರು, 1973ರಲ್ಲಿ ಮಾಣಿಕ್ ಷಾ, 1986ರಲ್ಲಿ ನಮ್ಮ ಕಾರ್ಯಪ್ಪ: ‘ಓನ್ಲಿ ಟೂ ಆರ್ಮಿ ಆಫೀಸರ್ಸ್ ಹ್ಯಾವ್ ಬೀನ್ ಮೇಡ್ ಫೀಲ್ಡ್ ಮಾರ್ಷಲ್.’

ಕೊನೆಗೆ ಇಟ್ಟರೂ ಸರಿಯಾಗುವ ಎರಡು ಕಡೆಗಳಿವೆ. ಒಂದು, ಸೂಚನಾ ಫಲಕ: ‘ಸ್ಟಾಫ್ ಓನ್ಲಿ’, ‘ಹಾಟ್ ವಾಟರ್ 6 ಟು 9 ಓನ್ಲಿ’. ಇವುಗಳನ್ನು ತಿದ್ದಲು ಹೋಗಬೇಡಿ. ಇನ್ನೊಂದು, ಚೆಕ್ಕು ಮತ್ತು ವೋಚರ್: ‘ರುಪೀಸ್ ಫೈವ್ ಥೌಸಂಡ್ ಓನ್ಲಿ.’ ಅಕ್ಷರದಲ್ಲಿ ಬರೆದ ಮೊತ್ತದ ಮುಂದೆ ಯಾರೂ ಏನನ್ನೂ ಸೇರಿಸದಂತೆ ಅಲ್ಲಿಗೆ ಮುಚ್ಚುವ ಕೆಲಸ ಅದರದು. ಕನ್ನಡದಲ್ಲಿ ಬರೆಯುವಾಗ ನಾವು ‘ಮಾತ್ರ’ ಹಾಕುವುದೂ ಅದಕ್ಕೇ. ಸಂಬಳದ ವೋಚರ್ ಬರೆಯುವ ರೈಟರುಗಳು ಇದನ್ನು ಬಿಡಲೇಬಾರದು.

ಹಂತ 4: ಕಾಲದ ಜೊತೆ ಬಂದಾಗ ಅರ್ಥ ತಿರುಗುವುದನ್ನು ತಿಳಿಯಿರಿ

ಅತಿ ಹೆಚ್ಚು ತೊಂದರೆ ಆಗುವುದು ಇಲ್ಲಿ. ನಿಧಾನವಾಗಿ ಓದಿ.

‘ನಿನ್ನೆಯೇ ಕೊಯ್ಲು ಶುರು ಮಾಡಿದೆವು’ ಎನ್ನುವಾಗ ನಾವು ಹೇಳುತ್ತಿರುವುದು ‘ತಡ ಮಾಡಲಿಲ್ಲ, ಆಗಲೇ ಶುರುವಾಗಿದೆ’ ಎಂದು. ‘ನಿನ್ನೆ ತಾನೇ ಕೊಯ್ಲು ಶುರು ಮಾಡಿದೆವು’ ಎಂದರೆ ‘ಅದಕ್ಕೆ ಮುಂಚೆ ಆಗಿರಲಿಲ್ಲ, ಇನ್ನೂ ಹೊಸದು’ ಎಂದು. ಮೊದಲನೆಯದು ಬೇಗ ಆಯಿತು ಎನ್ನುತ್ತದೆ, ಎರಡನೆಯದು ಈಗಷ್ಟೇ ಆಯಿತು ಎನ್ನುತ್ತದೆ. ಕಾಲದ ಪದದೊಂದಿಗೆ ಬಂದಾಗ ಇಂಗ್ಲಿಷಿನ ‘ಓನ್ಲಿ’ ಕೊಡುವುದು ಈ ಎರಡನೆಯ ಅರ್ಥವನ್ನು. ‘ವಿ ಓನ್ಲಿ ಸ್ಟಾರ್ಟೆಡ್ ಪಿಕಿಂಗ್ ಯೆಸ್ಟರ್ಡೇ’ ಎಂದರೆ ನಿನ್ನೆ ತಾನೇ. ‘ನಿನ್ನೆಯೇ’ ಎಂಬ ಅರ್ಥಕ್ಕೆ ‘ಓನ್ಲಿ’ ಹಾಕಿದರೆ ಕೇಳುವವರಿಗೆ ತದ್ವಿರುದ್ಧ ಅರ್ಥ ಹೋಗುತ್ತದೆ.

ಕಾಫಿ ಮಾರುವವರಿಗೆ ಇದು ನೇರವಾಗಿ ಮುಟ್ಟುವ ವಿಷಯ. ಖರೀದಿದಾರರು ಸ್ಯಾಂಪಲ್ ಎಲ್ಲಿ ಎಂದು ಕೇಳುತ್ತಾರೆ. ನೀವು ‘ಸೋಮವಾರವೇ ಕಳಿಸಿದ್ದೇವೆ’ ಎಂಬ ಧೈರ್ಯದಲ್ಲಿ ‘ವಿ ಸೆಂಟ್ ಇಟ್ ಓನ್ಲಿ ಆನ್ ಮಂಡೇ’ ಎಂದು ಬರೆಯುತ್ತೀರಿ. ಅವರು ಓದಿಕೊಳ್ಳುವುದು ‘ಸೋಮವಾರದವರೆಗೂ ಕಳಿಸಿರಲಿಲ್ಲ’ ಎಂದು. ನೀವಾಗಿಯೇ ವಿಳಂಬ ಒಪ್ಪಿಕೊಂಡಂತಾಯಿತು. ‘ವಿ ಸೆಂಟ್ ಇಟ್ ಆನ್ ಮಂಡೇ’ ಎಂದರೆ ಸಾಕು. ‘ಬೇಗನೇ ಆಯಿತು’ ಎಂದು ಎತ್ತಿ ಹೇಳಬೇಕಾದರೆ ‘ಆಲ್ರೆಡಿ’ ಇದೆ: ‘ವಿ ಹ್ಯಾವ್ ಆಲ್ರೆಡಿ ಸೆಂಟ್ ಇಟ್.’ ‘ಆಲ್ರೆಡಿ’ಯನ್ನು ‘ಹ್ಯಾವ್’ ಜೊತೆ ಬರೆಯುವಾಗ ವಾರದ ಹೆಸರು ಬೇಡ. ದಿನ ಹೇಳಲೇಬೇಕಾದರೆ ಇನ್ನೊಂದು ವಾಕ್ಯ ಮಾಡಿ.

ಹೊಸದಾಗಿ ಆದದ್ದನ್ನು ಹೇಳಲು ‘ಓನ್ಲಿ ಜಸ್ಟ್’ ಎಂಬ ಜೋಡಿಯೂ ಇದೆ. ‘ದೆ ಹ್ಯಾವ್ ಓನ್ಲಿ ಜಸ್ಟ್ ಅರೈವ್ಡ್’ ಎಂದರೆ ಈಗಷ್ಟೇ ಬಂದರು.

ಹಂತ 5: ಮನುಷ್ಯರ ಬಗ್ಗೆ ಹೇಳುವಾಗ ಮರ್ಯಾದೆ ಕೆಡದಂತೆ ನೋಡಿಕೊಳ್ಳಿ

‘ಅವರೇ ಡ್ರೈವರ್’ ಎಂದು ಅತಿಥಿಗೆ ಪರಿಚಯಿಸಲು ‘ಹಿ ಈಸ್ ಓನ್ಲಿ ದ ಡ್ರೈವರ್’ ಎನ್ನುವುದನ್ನು ಕೇಳಿದ್ದೇನೆ. ಇಂಗ್ಲಿಷಿನಲ್ಲಿ ಅದರರ್ಥ ‘ಅವನು ಬರೀ ಡ್ರೈವರ್ ಅಷ್ಟೇ’. ಪಕ್ಕದಲ್ಲಿ ನಿಂತ ಮನುಷ್ಯನನ್ನು ಕೀಳುಮಾಡಿದಂತೆ. ಹೇಳಿದವರ ಮನಸ್ಸಿನಲ್ಲಿ ಅಂಥದ್ದೇನೂ ಇರುವುದಿಲ್ಲ ಎನ್ನುವುದೇ ಬೇಸರದ ಸಂಗತಿ. ‘ದಿಸ್ ಈಸ್ ಯುವರ್ ಡ್ರೈವರ್’ ಎಂದು ಹೇಳಿ ಹೆಸರನ್ನೂ ಸೇರಿಸಿ. ಯಾರನ್ನಾದರೂ ಪರಿಚಯಿಸುವಾಗ ಹುದ್ದೆ, ಕೆಲಸ, ಸಂಬಂಧ ಹೇಳುವ ಪದಗಳ ಹತ್ತಿರ ‘ಓನ್ಲಿ’ಯನ್ನು ತರಲೇಬೇಡಿ. ನಮ್ಮ ಬಗ್ಗೆ ನಾವೇ ವಿನಯದಿಂದ ‘ಐ ಆಮ್ ಓನ್ಲಿ ಎ ಬಿಗಿನರ್’ ಎನ್ನುವುದು ಬೇರೆ ಮಾತು.

ಹಂತ 6: ವಾಕ್ಯದ ಮೊದಲಿಗೆ ಬಂದರೆ ಕ್ರಮ ಬದಲಿಸಿ

ಇದು ಪರೀಕ್ಷೆ ಬರೆಯುವವರಿಗೆ ಮುಖ್ಯ. ಮಾತಿಗೆ ಅಷ್ಟಾಗಿ ಬೇಕಾಗದು.

‘ಓನ್ಲಿ’ಯ ಜೊತೆ ಕಾಲವೋ ಸ್ಥಳವೋ ಷರತ್ತೋ ಸೇರಿ ವಾಕ್ಯದ ಆರಂಭಕ್ಕೆ ಬಂದರೆ, ಮುಂದಿನ ಭಾಗ ಪ್ರಶ್ನೆಯ ಹಾಗೆ ತಿರುಗಬೇಕು. ‘ಡಿಡ್’, ‘ಡು’, ‘ವಿಲ್’, ‘ಕ್ಯಾನ್’ನಂಥ ಸಹಾಯಕ ಕ್ರಿಯಾಪದ, ಅಂದರೆ ಮುಖ್ಯ ಕ್ರಿಯೆಗೆ ಆಸರೆಯಾಗಿ ನಿಲ್ಲುವ ಪದ, ಕರ್ತೃವಿಗಿಂತ ಮೊದಲು ಬರುತ್ತದೆ. ಕೊಡಗು ಸ್ವಾತಂತ್ರ್ಯಾನಂತರ ಕೆಲಕಾಲ ಪ್ರತ್ಯೇಕ ರಾಜ್ಯವಾಗಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹೀಗೆ ಬರೆಯಬೇಕು: ‘ಓನ್ಲಿ ಇನ್ 1956 ಡಿಡ್ ಕೂರ್ಗ್ ಬಿಕಮ್ ಪಾರ್ಟ್ ಆಫ್ ಮೈಸೂರ್ ಸ್ಟೇಟ್.’ ‘ಓನ್ಲಿ ಇನ್ 1956 ಕೂರ್ಗ್ ಬಿಕೇಮ್’ ಎಂದರೆ ತಪ್ಪು.

ಎರಡು ಭಾಗಗಳಿರುವ ವಾಕ್ಯದಲ್ಲಿ ಮೊದಲ ಭಾಗವನ್ನೇ ತಿರುಗಿಸಿಬಿಡುವುದು ಸಾಮಾನ್ಯ ತಪ್ಪು. ಸರಿಯಾದದ್ದು ಹೀಗೆ: ‘ಓನ್ಲಿ ಆಫ್ಟರ್ ದ ಶವರ್ಸ್ ಕಮ್ ಡು ದ ಬಡ್ಸ್ ಓಪನ್.’ ಇಲ್ಲಿ ‘ಶವರ್ಸ್ ಕಮ್’ ಹಾಗೇ ಇದೆ, ತಿರುಗಿದ್ದು ಮೊಗ್ಗಿನ ಭಾಗ. ಇನ್ನು ‘ಓನ್ಲಿ’ ಕರ್ತೃವಿಗೇ ಅಂಟಿಕೊಂಡಿದ್ದರೆ ಏನೂ ತಿರುಗಿಸಬಾರದು. ಮೇಲಿನ ಫೀಲ್ಡ್ ಮಾರ್ಷಲ್ ವಾಕ್ಯವನ್ನು ಮತ್ತೊಮ್ಮೆ ನೋಡಿ.

ಹಂತ 7: ಜೋಡಿಪದಗಳು

‘ಓನ್ಲಿ ಇಫ್’ ಷರತ್ತು: ‘ವಿ ವಿಲ್ ಗೋ ಓನ್ಲಿ ಇಫ್ ದ ರೇನ್ ಸ್ಟಾಪ್ಸ್’, ಮಳೆ ನಿಂತರೆ ಮಾತ್ರ ಹೋಗುತ್ತೇವೆ. ತಿರುಗಿಸಿ ‘ಇಫ್ ಓನ್ಲಿ’ ಎಂದರೆ ಹಂಬಲ: ‘ಇಫ್ ಓನ್ಲಿ ದ ರೇನ್ ವುಡ್ ಸ್ಟಾಪ್’, ಈ ಮಳೆಯೊಂದು ನಿಂತಿದ್ದರೆ! ಜುಲೈ ತಿಂಗಳ ಕೊಡಗಿನಲ್ಲಿ ಎರಡೂ ಬೇಕಾಗುತ್ತವೆ, ಅದಲುಬದಲು ಮಾಡಬೇಡಿ.

‘ನಾಟ್ ಓನ್ಲಿ’ ಬಂದರೆ ‘ಬಟ್ ಆಲ್ಸೋ’ ಅದೇ ಸ್ವರೂಪದ ಪದದ ಮುಂದೆ ಬರಲಿ: ‘ವಿ ಗ್ರೋ ನಾಟ್ ಓನ್ಲಿ ಕಾಫಿ ಬಟ್ ಆಲ್ಸೋ ಪೆಪ್ಪರ್.’

‘ಓನ್ಲಿ ಟೂ ಹ್ಯಾಪಿ’ ಎಂಬಲ್ಲಿ ‘ಮಾತ್ರ’ದ ಅರ್ಥವೇ ಇಲ್ಲ. ‘ಐ ಆಮ್ ಓನ್ಲಿ ಟೂ ಹ್ಯಾಪಿ ಟು ಹೆಲ್ಪ್’ ಎಂದರೆ ಖಂಡಿತವಾಗಿ, ಬಹಳ ಸಂತೋಷದಿಂದ.

‘ಒಬ್ಬನೇ ಮಗ’, ‘ಒಂದೇ ದಾರಿ’ ಎನ್ನುವಾಗ ‘ಓನ್ಲಿ’ ಗುಣವಾಚಕ, ಅಂದರೆ ನಾಮಪದವನ್ನು ವರ್ಣಿಸುವ ಪದ. ಆಗ ಅದಕ್ಕೆ ಮೊದಲು ‘ದ’, ‘ಆ್ಯನ್’ ಅಥವಾ ‘ಮೈ’ಯಂಥ ಪದ ಬೇಕು: ‘ಇಟ್ ಈಸ್ ದ ಓನ್ಲಿ ರೋಡ್’, ‘ಐ ಆಮ್ ಆ್ಯನ್ ಓನ್ಲಿ ಚೈಲ್ಡ್’.

ಈಗ ನೀವೇ ತಿದ್ದಿ

ಇನ್ನೂ ಉತ್ತರ ನೋಡಬೇಡಿ. ಪ್ರತಿಯೊಂದಕ್ಕೂ ಮೊದಲು ಕನ್ನಡ, ಆಮೇಲೆ ‘ಬೇರೆ ಇಲ್ಲ’ ಪರೀಕ್ಷೆ.

1. ‘ಮೈ ಹೌಸ್ ಈಸ್ ನಿಯರ್ ದ ಬಸ್ ಸ್ಟ್ಯಾಂಡ್ ಓನ್ಲಿ.’
2. ‘ಬ್ರೇಕ್‌ಫಾಸ್ಟ್ ಈಸ್ ಇನ್‌ಕ್ಲೂಡೆಡ್ ಓನ್ಲಿ.’ ಮನಸ್ಸಿನಲ್ಲಿರುವುದು: ಬಾಡಿಗೆಯಲ್ಲಿ ತಿಂಡಿ ಮಾತ್ರ ಸೇರಿದೆ.
3. ‘ಯು ಪೇ ದ ಗೈಡ್ ಓನ್ಲಿ.’ ಮನಸ್ಸಿನಲ್ಲಿರುವುದು: ದುಡ್ಡನ್ನು ಗೈಡ್ ಕೈಗೇ ಕೊಡಿ.
4. ‘ಓನ್ಲಿ ವೆನ್ ದ ಮಿಸ್ಟ್ ಕ್ಲಿಯರ್ಸ್ ಯು ಕ್ಯಾನ್ ಸೀ ದ ಹಿಲ್ಸ್.’

ಉತ್ತರಗಳು: ಮೊದಲನೆಯದರಲ್ಲಿ ‘ಓನ್ಲಿ’ ತೆಗೆಯಿರಿ. ತೀರಾ ಹತ್ತಿರ ಎಂದು ಹೇಳಬೇಕಿದ್ದರೆ ‘ರೈಟ್ ನೆಕ್ಸ್ಟ್ ಟು ದ ಬಸ್ ಸ್ಟ್ಯಾಂಡ್’. ಎರಡನೆಯದರಲ್ಲಿ ‘ಓನ್ಲಿ’ ಬೇಕು, ಜಾಗ ತಪ್ಪಿದೆ: ‘ಓನ್ಲಿ ಬ್ರೇಕ್‌ಫಾಸ್ಟ್ ಈಸ್ ಇನ್‌ಕ್ಲೂಡೆಡ್.’ ಮೂರನೆಯದು ಇದ್ದಂತೆ ಹೋದರೆ ಗೈಡಿಗೆ ಬಿಟ್ಟು ಬೇರೆ ಯಾರಿಗೂ, ನಿಮಗೂ ಕೂಡ, ದುಡ್ಡು ಕೊಡಬೇಕಿಲ್ಲ ಎಂದು ಓದಿಕೊಳ್ಳಬಹುದು: ‘ಪ್ಲೀಸ್ ಪೇ ದ ಗೈಡ್ ಡೈರೆಕ್ಟ್ಲಿ’ ಎಂದು ಬರೆಯಿರಿ. ನಾಲ್ಕನೆಯದರಲ್ಲಿ ‘ಕ್ಯಾನ್’ ಮುಂದಕ್ಕೆ ಬರಬೇಕು: ‘ಓನ್ಲಿ ವೆನ್ ದ ಮಿಸ್ಟ್ ಕ್ಲಿಯರ್ಸ್ ಕ್ಯಾನ್ ಯು ಸೀ ದ ಹಿಲ್ಸ್.’ ಅತಿಥಿಗೆ ಮೆಸೇಜ್ ಕಳಿಸುವುದಾದರೆ ಇಷ್ಟು ಕಷ್ಟಪಡಬೇಕಿಲ್ಲ, ‘ಯು ಕ್ಯಾನ್ ಸೀ ದ ಹಿಲ್ಸ್ ಓನ್ಲಿ ವೆನ್ ದ ಮಿಸ್ಟ್ ಕ್ಲಿಯರ್ಸ್’ ಎಂದು ನೇರವಾಗಿ ಬರೆದರೆ ಕ್ರಮ ಬದಲಿಸುವ ಪ್ರಶ್ನೆಯೇ ಬರುವುದಿಲ್ಲ.